ಧೀರ ಸುಮ್ಮನೆ ಕೂತ ದಿನ

ಬಾಂಬ್ ಪತ್ತೆ ದಳದಿಂದ ನಿವೃತ್ತನಾದ ಧೀರನೆಂಬ ನಾಯಿಯನ್ನು ಮಠದ ಗೋಶಾಲೆಗೆ ಕೊಟ್ಟರು. ಬಾಂಬ್ ಸಿಕ್ಕರೆ ಅದರ ಪಕ್ಕ ಅಲುಗಾಡದೆ ಕುಳಿತು ತೋರಿಸುವುದು ಅವನ ಕೆಲಸವಾಗಿತ್ತು. ಇಲ್ಲಿಯೂ ದಿನವಿಡೀ ಹುಲ್ಲಿನ ಕಂತೆಗಳನ್ನು ಮೂಸಿದ. ಏನೂ ಸಿಗದೆ ಅನ್ನ ಬಿಟ್ಟ.

“ಸಿಗದಿದ್ದರೆ ಒಳ್ಳೆಯದಲ್ಲವೇನಪ್ಪಾ?” ಎಂದಳು ಮುದಿ ಹಸು ಕಪಿಲೆ.

“ಊರಿಗೆ ಒಳ್ಳೆಯದು, ತಾಯೀ. ಕೆಲಸವಿಲ್ಲದೆ ತಿನ್ನುವ ಅನ್ನ ನನಗೆ ಗಂಟಲಲ್ಲಿ ಇಳಿಯದು.”

“ನನ್ನ ಹಾಲು ಬತ್ತಿ ಆರು ವರ್ಷವಾಯಿತು, ಮಗಾ. ಮೊದಮೊದಲು ನಾಚಿಕೆಯಿಂದ ನಾನೂ ಹುಲ್ಲು ಮುಟ್ಟಲಿಲ್ಲ. ಮರುದಿನವೂ ಭಗವಂತ ಹುಲ್ಲು ಕಳಿಸಿದ. ಹಾಲೆಷ್ಟು ಎಂದು ಅವನು ಕೇಳಲೇ ಇಲ್ಲ.”

ಧೀರ ಅವಳನ್ನು ಒಮ್ಮೆ ಮೂಸಿ, ಪಕ್ಕದಲ್ಲೇ ಅಲುಗಾಡದೆ ಕುಳಿತ.

“ಅಯ್ಯೋ, ನನ್ನ ಹತ್ತಿರ ಬಾಂಬ್ ಇದೆಯೇನೋ?” ಕಪಿಲೆ ನಕ್ಕಳು.

“ಇಲ್ಲ ತಾಯೀ, ಸುಮ್ಮನೆ ಕೂತೆ.”

ಭಗವಂತನ ದಯೆ, ಆ ಸಂಜೆ ಅವನ ತಟ್ಟೆ ಖಾಲಿಯಾಯಿತು.