ಚೀಲ ಕಾಯ್ದ ಬೀಗ

ಏನಾಗಿರಬಹುದು, ಊಹಿಸಿ ನೋಡೋಣ! ಊಹೂಂ, ನಿಮ್ಮಿಂದಾಗದು, ನಾನೇ ಹೇಳಿಬಿಡುತ್ತೇನೆ. ರೈಲಿನಲ್ಲಿ ವಾರಿಜಾಕ್ಷಿ ಮೇಡಂ ತಮ್ಮ ಚೀಲವನ್ನು ಸೀಟಿನ ಕೆಳಗೆ ಸರಪಳಿಯಿಂದ ಬಿಗಿದು, ಬೀಗ ಜಡಿದು, ವಡೆ ತರಲು ಪ್ಲಾಟ್‌ಫಾರ್ಮಿಗೆ ಇಳಿದರು. ಚೀಲದೊಳಗೆ ಲ್ಯಾಪ್‌ಟಾಪ್; ಅದರೊಳಗೆ ಅವರ ಐದು ವರ್ಷದ ಪಿಎಚ್‌ಡಿ ಪ್ರಬಂಧ. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಕಳ್ಳ ಬಂದ. ಬೀಗದ ಕಡೆ ತಿರುಗಿಯೂ ನೋಡದೆ ಜಿಪ್ಪಿಗೆ ಕೈ ಹಾಕಿದ.

"ಬೀಗಣ್ಣಾ, ನನ್ನನ್ನು ಎಳೀತಿದ್ದಾನೆ!" ಎಂದು ಜಿಪ್ಪು ಕಿರುಚಿತು.

"ಸದ್ದು ಮಾಡಬೇಡ. ನಾನು ಡ್ಯೂಟಿಯಲ್ಲಿದ್ದೇನೆ," ಎಂದಿತು ಬೀಗ.

"ಸ್ವಾಮಿ, ನನ್ನನ್ನು ಹೊತ್ಕೊಂಡು ಹೋಗ್ತಿದ್ದಾನೆ!" ಎಂದು ಕಳ್ಳನ ಕಂಕುಳಿನಿಂದ ಲ್ಯಾಪ್‌ಟಾಪ್ ಗೋಳಿಟ್ಟಿತು.

"ನೀನು ಯಾರಯ್ಯ?" ಎಂದಿತು ಬೀಗ. "ನನಗೆ ಒಪ್ಪಿಸಿರುವುದು ಚೀಲ. ಚೀಲ ಇಲ್ಲೇ ಇದೆ. ಬೇಕಾದರೆ ಬಂದು ನೋಡಿಕೋ!"

ಕಳ್ಳ ಜಿಪ್ಪನ್ನು ಮರ್ಯಾದೆಯಿಂದ ಮುಚ್ಚಿ ಇಳಿದುಹೋದ. ಮೇಡಂ ವಡೆ ಹಿಡಿದು ಬಂದರು, ಬಗ್ಗಿ ಬೀಗವನ್ನು ಎಳೆದು ನೋಡಿದರು. "ಭೇಷ್ ಕಣಪ್ಪಾ, ಒಂಚೂರೂ ಅಲ್ಲಾಡಿಲ್ಲ ನೀನು!" ಎಂದು ಪರ್ಸಿನಿಂದ ಕುಂಕುಮ ತೆಗೆದು ಅದಕ್ಕೆ ಹಚ್ಚಿ ಕೈ ಮುಗಿದರು. ಬೀಗ ಉಬ್ಬಿಹೋಯಿತು. ಅಂದು 2019ರ ಅಕ್ಟೋಬರ್ 7, ಸೋಮವಾರ, ಆಯುಧಪೂಜೆ.