ತಿಂಡಿ ಬೇಕೋ, ಇಡ್ಲಿ ಬೇಕೋ

ದೂರಸಂವೇದನೆ ಬೇರೆ, ಲೈಡಾರ್ ಬೇರೆ. ಸಾಫ್ಟ್‌ವೇರ್ ಕಟ್ಟುವವರು ಎರಡರಲ್ಲಿ ಒಂದನ್ನೇ ಆರಿಸಬೇಕು. ಒಂದು ಕಾಡುರಾಜ್ಯದಲ್ಲಿ ಎಲ್ಲರೂ ಹೀಗೇ ನಂಬಿದ್ದರು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಆರಿಸುವುದಕ್ಕೆ ನರಿಮಂತ್ರಿಯ ಸಮಿತಿಯೊಂದಿತ್ತು. ಆಯ್ಕೆ ನಡೆದಷ್ಟು ದಿನ ಸಮಿತಿ, ಸಮಿತಿ ಇದ್ದಷ್ಟು ದಿನ ನರಿಗೆ ಬೋಂಡಾ.

ಅಲ್ಲಿ ಗುಡುಗಪ್ಪ ಎಂಬ ಸಿಂಹ ಆಳುತ್ತಿದ್ದ. ಉಪ್ಪುಗುಡ್ಡಕ್ಕೆ ಹೋಗುವ ಆನೆಗಳು ದಾರಿಯಲ್ಲಿ ಗುಂಡಿಗೆ ಬೀಳುತ್ತಿದ್ದವು. “ದಾರಿ ಹೇಳುವ ಸಾಫ್ಟ್‌ವೇರ್ ನೇಯಿ” ಎಂದು ನೂಲಪ್ಪ ಎಂಬ ಗೀಜಗನಿಗೆ ಅಪ್ಪಣೆಯಾಯಿತು. ಗೂಡು ನೇಯುವವನಿಗೆ ಅದೂ ಬರುತ್ತದೆ ಎಂದು ರಾಜನ ಎಣಿಕೆ. ಪುಣ್ಯಕ್ಕೆ ಬರುತ್ತಿತ್ತು.

ನೂಲಪ್ಪ ನರಿಯ ಬಳಿ ಹೋದ. ಅಲ್ಲಿ ಎರಡು ಬಾಗಿಲು. ಒಂದರ ಮೇಲೆ “ದೂರಸಂವೇದನೆ: ಮುಟ್ಟದೆ, ದೂರದಿಂದ ಅರಿಯುವ ವಿದ್ಯೆ” ಎಂಬ ಫಲಕ, ಒಳಗೆ ಮುಗಿಲಿನಿಂದ ಚಿತ್ರ ತೆಗೆಯುವ ಹದ್ದು. ಇನ್ನೊಂದರ ಮೇಲೆ “ಲೈಡಾರ್”, ಒಳಗೆ ಮಿಂಚುಹುಳು. ಅದು ಮೇಲಿನಿಂದ ಬೆಳಕು ಎಸೆದು, ಬೆಳಕು ನೆಲಕ್ಕೆ ಬಡಿದು ಮರಳುವ ಹೊತ್ತು ಅಳೆದು, ಉಬ್ಬುತಗ್ಗು ಹೇಳುತ್ತಿತ್ತು.

“ಎರಡೂ ಕೊಡಿ ಬುದ್ಧಿ.”

“ಒಂದು ಆರಿಸಯ್ಯ. ಮದುವೆಮನೆ ಊಟವಾ ಇದು?”

ನೂಲಪ್ಪ ಹದ್ದನ್ನು ಆರಿಸಿದ. ಚಿತ್ರದಲ್ಲಿ ಮರದ ತಲೆಗಳೆಲ್ಲ ಅಂದವಾಗಿ ಬಂದವು. ಮರದಡಿಯ ಗುಂಡಿ ಬರಲಿಲ್ಲ. ಆನೆ ಬಿತ್ತು.

“ನಾನು ಆಗಲೇ ಹೇಳಲಿಲ್ವಾ, ಲೈಡಾರ್ ಅಂತ?” ಎಂದಿತು ನರಿ. ಹೇಳಿರಲಿಲ್ಲ.

ನೂಲಪ್ಪ ಮಿಂಚುಹುಳುವನ್ನು ಆರಿಸಿದ. ಅದು ಎಲೆಸಂದಿಯಲ್ಲಿ ಬೆಳಕು ತೂರಿಸಿ ಗುಂಡಿಗಳನ್ನೆಲ್ಲ ಹಿಡಿಯಿತು. “ಆಮೇಲೆ ಸಮತಟ್ಟು ಬಯಲು” ಎಂದಿತು. ಸಮತಟ್ಟೇನೋ ನಿಜ. ಮೇಲೆ ಹಚ್ಚಹಸಿರು ಪಾಚಿ, ಕೆಳಗೆ ಕೆಸರು. ಮಿಂಚುಹುಳುವಿಗೆ ಬಣ್ಣ ಕಾಣದು. ಆನೆ ಹೂತುಕೊಂಡಿತು.

“ನಾನು ಆಗಲೇ ಹೇಳಲಿಲ್ವಾ, ದೂರಸಂವೇದನೆ ಅಂತ?” ಎಂದಿತು ನರಿ.

ರಾಜ ಗುಡುಗಿದ: “ಮೂರನೇ ಸಲ ಆನೆ ಬಿದ್ದರೆ ನಿನ್ನ ಜಾಲಿಮರ ಕಡಿಸುತ್ತೇನೆ!”

ಆ ಮರದಲ್ಲಿ ನೂಲಪ್ಪನ ಗೂಡಿತ್ತು. ಗೂಡಿನಲ್ಲಿ ಮೊಟ್ಟೆಯಿತ್ತು.

ಮರುದಿನ ಬೆಳಿಗ್ಗೆ ನೂಲಪ್ಪ ರಾಜನನ್ನೂ ನರಿಯನ್ನೂ ಮರದಡಿಗೆ ಕರೆದು ಎಲೆ ಹಾಸಿದ.

“ಬುದ್ಧಿ, ತಮಗೆ ತಿಂಡಿ ಬೇಕೋ, ಇಡ್ಲಿ ಬೇಕೋ? ಒಂದು ಆರಿಸಿ.”

ನರಿ ಬಿದ್ದು ಬಿದ್ದು ನಕ್ಕಿತು. “ಲೋ ಪೆದ್ದ, ಇಡ್ಲಿ ತಿಂಡಿ ಅಲ್ವೇನೋ?”

“ಹೌದಲ್ವಾ! ಹಾಗೇ ಇನ್ನೊಂದು ಹೇಳಿಬಿಡಿ. ಮಿಂಚುಹುಳು ನೆಲವನ್ನು ಮುಟ್ಟುತ್ತದಾ?”

“ಎಲ್ಲಿ ಮುಟ್ಟುತ್ತೆ? ದೂರದಿಂದಲೇ...” ನರಿ ನಾಲಿಗೆ ಕಚ್ಚಿಕೊಂಡಿತು.

ರಾಜನಿಗೆ ಬಾಗಿಲ ಮೇಲಿನ ಫಲಕ ನೆನಪಾಯಿತು. ರಾಜರಿಗೆ ಇಂಥದ್ದು ತಡವಾಗುತ್ತದೆ, ಆದರೂ ಆಯಿತು.

ಎರಡು ಬಾಗಿಲು ಒಂದಾಯಿತು. ಹದ್ದು ಕೆಸರು ತೋರಿಸಿತು, ಮಿಂಚುಹುಳು ಗುಂಡಿ ತೋರಿಸಿತು, ನೂಲಪ್ಪ ಎರಡನ್ನೂ ಸೇರಿಸಿ ನೇಯ್ದ. ಮೂರನೇ ಆನೆ ಉಪ್ಪು ನೆಕ್ಕಿತು. ಅದರ ಮುಂದೆ, ಖಾತ್ರಿಗೆಂದು, ನರಿಯನ್ನು ನಡೆಸಿದ್ದರು. ಅಂದಿಗೆ ಸಮಿತಿ ಮುಗಿಯಿತು, ಬೋಂಡಾ ಕೂಡ.

ಮಕ್ಕಳೇ, ಯಾವುದು ಬೇಕು ಎಂದು ಆರಿಸುವ ಮೊದಲು ಏನು ತಿಳಿಯಬೇಕು ಎಂದು ಕೇಳಿಕೊಳ್ಳಿ. ಆರಿಸು ಎಂದವನ ಬಾಯಲ್ಲಿ ಬೋಂಡಾ ಇದೆಯೇ ಎಂದೂ ನೋಡಿಕೊಳ್ಳಿ.

ಲೈಡಾರ್ ಕೂಡ ದೂರಸಂವೇದನೆಯೇ.