ನೀಲಿ ಮೂಲೆಯ ಇಬ್ಬರು ಮಾಸ್ತರರು

ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಹಿಂದೆ, ಒಂದು ಹಳೆಯ ಗೋದಾಮಿನಲ್ಲಿ ಇಬ್ಬರು ಮಾಸ್ತರರು ಹುಡುಗಿಯರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು. ಒಬ್ಬರ ಹೆಸರು ಫಕ್ಕೀರಪ್ಪ, ಇನ್ನೊಬ್ಬರ ಹೆಸರು ಸ್ಯಾಮ್ಯುಯೆಲ್. ಇಬ್ಬರೂ ಫಿಟ್ಟರ್ ಕೆಲಸದಿಂದ ನಿವೃತ್ತರಾದವರು. ಇಬ್ಬರ ಮೂಗೂ ಹರೆಯದಲ್ಲಿ ಮುರಿದಿತ್ತು. ಮನಸ್ಸು ಒಳ್ಳೆಯದು, ಕಲಿಸುವುದರಲ್ಲಿ ಕೈ ಪಳಗಿತ್ತು. ಆದರೆ ಇಬ್ಬರಿಗೂ ಒಂದು ಹುಚ್ಚಿತ್ತು. ಪ್ರಪಂಚದಲ್ಲಿ ಈವರೆಗೆ ಬಂದುಹೋದ ಬಾಕ್ಸರುಗಳಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು, ಎರಡನೆಯವನು ಯಾರು, ಹತ್ತನೆಯವನು ಯಾರು ಎಂದು ಪಟ್ಟಿ ಮಾಡುವ ಹುಚ್ಚು.

ಫಕ್ಕೀರಪ್ಪ ಮಾಸ್ತರರಿಗೆ ಒಬ್ಬ ಎತ್ತರದ ಹೆವಿವೇಟ್ ಅಂದರೆ ಪ್ರಾಣ. ಸ್ಯಾಮ್ಯುಯೆಲ್ ಮಾಸ್ತರರಿಗೆ ಕಡಿಮೆ ತೂಕದ ಒಬ್ಬ ಗಿಡ್ಡ. ಅವರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಶುರು ಮಾಡುತ್ತೀರಿ, ನನ್ನ ಕಥೆ ಇಲ್ಲಿಗೇ ನಿಂತುಹೋಗುತ್ತದೆ.

ಗೋದಾಮಿನ ಗೋಡೆಗೆ ಒಂದು ಕರಿಹಲಗೆ ಇತ್ತು. ಇವತ್ತು ಯಾರು ಎಷ್ಟು ಹಗ್ಗ ಜಿಗಿಯಬೇಕು, ಯಾರು ಯಾರ ಜೊತೆ ಆಡಬೇಕು ಎಂದು ಬರೆಯುವುದಕ್ಕೆ ತಂದ ಹಲಗೆ. ಈಗ ಅದರ ತುಂಬ ಹತ್ತು ಹೆಸರುಗಳ ಪಟ್ಟಿ. ಬೆಳಿಗ್ಗೆ ಬೇಗ ಬಂದವರು ತಮ್ಮವನನ್ನು ಮೇಲೆ ಬರೆಯುತ್ತಿದ್ದರು. ತಡವಾಗಿ ಬಂದವರು ಅಂಗಿಯ ತೋಳಿನಿಂದ ಅದನ್ನು ಒರೆಸುತ್ತಿದ್ದರು.

"ನಮ್ಮಂವ ಒಂದ್ ಏಟು ಬಿಟ್ರ, ನಿನ್ನ ಗಿಡ್ಡ ಧಾರವಾಡದಾಗ ಹೋಗಿ ಬೀಳ್ತಾನ."

"ಹೊಡಿಯಾಕ ಮೊದ್ಲ ಕೈಗೆ ಸಿಗಬೇಕಲ್ಲೋ ಫಕ್ಕೀರಾ! ಇಬ್ಬರದೂ ತೂಕ ಒಂದ ಅಂತ ತಿಳ್ಕೊ. ಆಮ್ಯಾಲೆ ಮಾತಾಡು."

"ತೂಕ ಯಾಕ ಒಂದ ಅಂತ ತಿಳ್ಕೊಬೇಕು? ನಾಳೆ ಎಮ್ಮೀನೂ ಮೇಕೀನೂ ಒಂದ ಅಂತ ತಿಳ್ಕೊ ಅಂತಿ."

ಹೀಗೆ ದಿನವೂ. ಹುಡುಗಿಯರು ಕೈಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಕಾಯುತ್ತ ನಿಂತಿರುತ್ತಿದ್ದರು. ಮಾಸ್ತರರ ವಾದ ನೋಡುವುದು ಅವರಿಗೂ ತಮಾಷೆಯೇ. ಯಾರೂ ಅದನ್ನು ತಪ್ಪು ಎಂದುಕೊಂಡಿರಲಿಲ್ಲ.

ಆ ಗೋದಾಮಿನಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಮಾಡಿದವರೂ ಈ ಇಬ್ಬರೇ. ಪಂದ್ಯದಲ್ಲಿ ಒಂದು ರೌಂಡು ಮುಗಿದರೆ ಒಂದು ನಿಮಿಷ ಬಿಡುವು. ಬಾಕ್ಸರು ತಮ್ಮ ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಆ ನಿಮಿಷದಲ್ಲಿ ಸರದಿಯ ಪ್ರಕಾರ ಒಬ್ಬ ಮಾಸ್ತರರು ಮಾತ್ರ ಬಾಯಿ ತೆರೆಯಬೇಕು. ಅವರೂ ಒಂದೇ ಒಂದು ಮಾತು ಹೇಳಬೇಕು. ಇನ್ನೊಬ್ಬರು ನೀರು ಕುಡಿಸಿ, ಟವೆಲ್ ಬೀಸಿ ಸುಮ್ಮನಿರಬೇಕು. ಏಟು ತಿಂದು ಬಂದ ತಲೆಗೆ ಒಂದಕ್ಕಿಂತ ಹೆಚ್ಚು ಮಾತು ಹಿಡಿಸುವುದಿಲ್ಲ. ಮೂವತ್ತು ವರ್ಷ ಈ ಪದ್ಧತಿ ತಪ್ಪಿರಲಿಲ್ಲ.

ಅವರ ಶಿಷ್ಯೆಯರಲ್ಲಿ ದಾಕ್ಷಾಯಣಿ ಎಂಬ ಹುಡುಗಿ ಒಬ್ಬಳು. ಮಾತು ಕಡಿಮೆ, ಕಾಲು ಚುರುಕು. ಆ ವರ್ಷ ಅವಳು ರಾಜ್ಯಮಟ್ಟದ ಯುವತಿಯರ ಪಂದ್ಯದಲ್ಲಿ ಫೈನಲಿಗೆ ಬಂದಳು. ಗೆದ್ದವಳು ಒಬ್ಬಳೇ ರಾಜ್ಯದ ತಂಡದಲ್ಲಿ ರಾಷ್ಟ್ರಮಟ್ಟಕ್ಕೆ ಹೋಗುವುದು. ಮುಂದಿನ ವರ್ಷ ನೋಡೋಣ ಅನ್ನುವ ಹಾಗಿರಲಿಲ್ಲ, ಅಷ್ಟರಲ್ಲಿ ಅವಳ ವಯಸ್ಸು ಆ ವಿಭಾಗದ ಗಡಿ ದಾಟುತ್ತಿತ್ತು. ತೂಕ ಹೊಂದಿಸುವುದಕ್ಕೆ ಎರಡು ದಿನ ಅವಳು ಒಂದೊಂದು ಬಾಳೆಹಣ್ಣಿನಲ್ಲೇ ಇದ್ದಳು. ಪಂದ್ಯಕ್ಕೆಂದು ಬೆಳಗಾವಿಗೆ ಹೋಗುವ ರೈಲಿನಲ್ಲಿ ಪಕ್ಕದವರು ಗಿರ್ಮಿಟ್ ತಿನ್ನುತ್ತಿದ್ದಾಗ ಪಾಪ, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಿದ್ದಳು. ಮಾಸ್ತರರಿಬ್ಬರೂ ಎದುರು ಸೀಟಿನಲ್ಲಿ ನಾಲ್ಕನೇ ಸ್ಥಾನ ಯಾರಿಗೆ ಎಂದು ಜಗಳಾಡುತ್ತಿದ್ದರು.

ಫೈನಲ್ ಶುರುವಾಯಿತು. ದಾಕ್ಷಾಯಣಿಯದು ನೀಲಿ ಮೂಲೆ. ಕೆಂಪು ಮೂಲೆಯ ಹುಡುಗಿ ಗಟ್ಟಿಗಿತ್ತಿ, ಅವಳ ಬಲಗೈ ಏಟಿಗೆ ಊರೆಲ್ಲ ಹೆಸರು. ಆದರೂ ಮೊದಲನೇ ರೌಂಡಿನಲ್ಲಿ ದಾಕ್ಷಾಯಣಿಯ ಎಡಗೈ ಅವಳನ್ನು ಹತ್ತಿರಕ್ಕೇ ಬಿಡಲಿಲ್ಲ. ಹೋಗಿ ತಾಗುವುದು, ಹಿಂದಕ್ಕೆ ಬರುವುದು. ಮತ್ತೆ ಹೋಗಿ ತಾಗುವುದು. ಜನ ಎದ್ದು ನಿಂತು ಕೂಗಿದರು.

ಅದೇ ರೌಂಡಿನಲ್ಲಿ ಇಬ್ಬರು ಮಾಸ್ತರರಿಗೂ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೆಂಪು ಮೂಲೆಯ ಹುಡುಗಿ ಬಲಗೈ ಬೀಸುವ ಮೊದಲು ಎಡಗಾಲನ್ನು ಸ್ವಲ್ಪ ಹೊರಗೆ ಸರಿಸುತ್ತಾಳೆ. ಪ್ರತಿಸಲವೂ ಸರಿಸುತ್ತಾಳೆ. ಕಾಲು ನೋಡಿದರೆ ಸಾಕು, ಏಟು ಎಲ್ಲಿಂದ ಬರುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಇಂಥದ್ದನ್ನು ಹಿಡಿಯುವುದಕ್ಕೇ ಮೂವತ್ತು ವರ್ಷದ ಅನುಭವ ಬೇಕು.

ಗಂಟೆ ಹೊಡೆಯಿತು. ದಾಕ್ಷಾಯಣಿ ಬಂದು ಸ್ಟೂಲಿನ ಮೇಲೆ ಕೂತಳು. ಮಾತಾಡುವ ಸರದಿ ಸ್ಯಾಮ್ಯುಯೆಲ್ ಮಾಸ್ತರರದು. ಅವರು ಬಗ್ಗಿ ಅವಳ ಹೆಗಲ ಮೇಲೆ ಕೈ ಇಟ್ಟರು. ಖುಷಿ ಉಕ್ಕಿ ಬರುತ್ತಿತ್ತು.

"ಶಾಬಾಸ್ ನನ್ನವ್ವಾ! ಆ ಎಡಗೈ ನೋಡಿ ನಮ್ಮ ಗಿಡ್ಡನ ನೆನಪಾತು. ಅಗದೀ ಅವಂದ!"

ನೀರಿನ ಬಾಟಲಿ ಹಿಡಿದಿದ್ದ ಫಕ್ಕೀರಪ್ಪ ಮಾಸ್ತರರಿಗೆ ತಡೆಯಲಾಗಲಿಲ್ಲ.

"ಯಾರ ಗಿಡ್ಡ? ಅದು ನಮ್ಮ ಎತ್ತರದಂವನ ಎಡಗೈ. ನಾ ಕಲಿಸಿದ್ದು."

"ನೀ ಕಲಿಸಿದ್ದು? ಹೋದ ವರ್ಷ ಇಡೀ ಮಳಿಗಾಲ ಈಕಿ ಕೈ ಹಿಡದು ತಿದ್ದಿದಂವ ಯಾರು?"

"ತಿದ್ದಿರಬೇಕು. ಆದ್ರ ಗಿಡ್ಡನ ಕೈ ಇಷ್ಟು ನೆಟ್ಟಗ ಹೊಂಟಿದ್ದು ಒಂದ್ ಸಲ ತೋರಿಸು ನನಗ!"

ದಾಕ್ಷಾಯಣಿ ಒಮ್ಮೆ ಇವರ ಮುಖ ನೋಡಿದಳು, ಒಮ್ಮೆ ಅವರ ಮುಖ ನೋಡಿದಳು. ನೀರಿಗೆ ಬಾಯಿ ತೆರೆದಳು. ಬಾಟಲಿ ವಾದದ ಜೊತೆ ಗಾಳಿಯಲ್ಲಿ ಆಡುತ್ತಿತ್ತು. ನಲವತ್ತು ಸೆಕೆಂಡು ಹೋಯಿತು. ಐವತ್ತು ಹೋಯಿತು. ಹೇಳ್ರಪ್ಪಾ, ಹೇಳಿ! ನನಗೆ ಈಗ ಬರೆಯುವಾಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಮೂಲೆಯವರು ಕೆಳಗಿಳಿಯಿರಿ ಎಂದು ಕೂಗು ಬಂತು. ಸ್ಟೂಲು ಹೊರಗೆ ಬಂತು. ಹುಡುಗಿ ಒಣಗಿದ ಬಾಯಲ್ಲೇ ಎದ್ದು ಹೋದಳು.

ಎರಡನೇ ರೌಂಡಿನ ನಡುವೆ ಎದುರಾಳಿಯ ಎಡಗಾಲು ಸರಿಯಿತು. ಮಾಸ್ತರರಿಬ್ಬರೂ ನೋಡಿದರು. ರೌಂಡು ನಡೆಯುವಾಗ ಮೂಲೆಯಿಂದ ಕೂಗುವ ಹಾಗಿಲ್ಲ. ಬಲಗೈ ಬಂತು. ದಾಕ್ಷಾಯಣಿ ಮೊಣಕಾಲೂರಿದಳು. ರೆಫರಿ ಎಂಟರ ತನಕ ಎಣಿಸಿದರು, ಅವಳು ಎದ್ದಳು. ರೌಂಡು ಮುಗಿಯುವ ತನಕ ಅದೇ ಕಾಲು ಇನ್ನೂ ಮೂರು ಸಲ ಸರಿಯಿತು, ಅದೇ ಕೈ ಇನ್ನೂ ಮೂರು ಸಲ ಬಂತು.

ಈ ಬಿಡುವಿನಲ್ಲಾದರೂ ಹೇಳಿದರೇ? ಇಲ್ಲ. ಈ ಸಲ ಸರದಿ ಫಕ್ಕೀರಪ್ಪನವರದು. ಆದರೆ ಅವರು ಮೊದಲು ತಿರುಗಿದ್ದು ಗೆಳೆಯನ ಕಡೆ.

"ನಿನ್ನಿಂದ ಆತು ನೋಡು ಇದು. ಗಿಡ್ಡ, ಗಿಡ್ಡ ಅಂತ ಪೋರಿ ತಲಿ ಕೆಡಿಸಿದಿ."

"ನಾ ಕೆಡಿಸಿದ್ನಾ? ನಡುವ ಬಾಯಿ ಹಾಕಿದಂವ ಯಾರು? ಪದ್ಧತಿ ಮುರದಂವ ಯಾರು?"

"ಸರ್," ಎಂದಳು ದಾಕ್ಷಾಯಣಿ. "ಏನರ ಹೇಳ್ರಿ."

"ಹೇಳ್ತೀನಿ ತಡಿಯವಾ," ಎಂದರು ಇಬ್ಬರೂ ಒಟ್ಟಿಗೆ. ಇಬ್ಬರೂ ಒಟ್ಟಿಗೆ ಶುರು ಮಾಡಿದ್ದರಿಂದ ಒಬ್ಬರದೂ ಕೇಳಿಸಲಿಲ್ಲ. ಗಂಟೆ ಹೊಡೆಯಿತು.

ಮೂರನೆಯದೇ ಕೊನೆಯ ರೌಂಡು. ಅದರಲ್ಲಿ ದಾಕ್ಷಾಯಣಿ ಏಟು ತಿನ್ನುತ್ತಲೇ ಕಣ್ಣು ಕೆಳಗಿಳಿಸಿದಳು. ಕಾಲು ಕಂಡಿತು. ತಾನೇ ಕಂಡುಕೊಂಡಳು, ಯಾರೂ ಹೇಳಲಿಲ್ಲ. ಆಮೇಲೆ ಒಂದು ಏಟೂ ಅವಳಿಗೆ ತಾಗಲಿಲ್ಲ. ಕೊನೆಯ ಒಂದು ನಿಮಿಷ ಅವಳು ಆಡಿದ ಆಟಕ್ಕೆ ಕೆಂಪು ಮೂಲೆಯವರೂ ಕೈ ತಟ್ಟಿದರು. ಆದರೆ ಉಳಿದಿದ್ದು ಒಂದೇ ನಿಮಿಷ. ಐವರು ತೀರ್ಪುಗಾರರಲ್ಲಿ ಮೂವರು ಕೆಂಪಿಗೆ ಕೊಟ್ಟರು, ಇಬ್ಬರು ನೀಲಿಗೆ.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಬೆಂಚಿನ ಮೇಲೆ ದಾಕ್ಷಾಯಣಿ ಕೂತಳು. ಮಾಸ್ತರರಿಬ್ಬರೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳ ಒಂದೊಂದು ಕೈಯ ಪಟ್ಟಿ ಬಿಚ್ಚುತ್ತಿದ್ದರು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ಸರ್, ಆಕಿ ಬಲಗೈ ಹೊಡಿಯೂದಕ್ಕಿಂತ ಮೊದ್ಲ ಎಡಗಾಲು ಸರಸ್ತಾಳ. ನಿಮಗ ಕಂಡಿತ್ತೇನ್ರಿ?"

ಇಬ್ಬರ ಕೈಯೂ ನಿಂತಿತು.

"ಕಂಡಿತ್ತವಾ," ಎಂದರು ಫಕ್ಕೀರಪ್ಪ ಮಾಸ್ತರರು. "ಮೊದಲನೇ ರೌಂಡಿನಾಗ."

"ನನಗೂ," ಎಂದರು ಸ್ಯಾಮ್ಯುಯೆಲ್ ಮಾಸ್ತರರು.

"ಮತ್ತ ಯಾಕ ಹೇಳಲಿಲ್ರಿ?"

ಎತ್ತರದವನ ಒಂದೊಂದು ಪಂದ್ಯದ ತಾರೀಖು ಒಬ್ಬರಿಗೆ ಬಾಯಿಪಾಠ. ಗಿಡ್ಡನ ಒಂದೊಂದು ಏಟಿನ ಲೆಕ್ಕ ಇನ್ನೊಬ್ಬರಿಗೆ ಬಾಯಿಪಾಠ. ಆ ಹುಡುಗಿ ಇಷ್ಟು ಸಣ್ಣ ಪ್ರಶ್ನೆ ಕೇಳಿದಾಗ ಇಬ್ಬರೂ ತಲೆ ತಗ್ಗಿಸಿ ಮತ್ತೆ ಅವಳ ಕೈಯ ಪಟ್ಟಿ ಬಿಚ್ಚತೊಡಗಿದರು.

ನೀತಿ: ಬಂದುಹೋದವರಲ್ಲಿ ಯಾರು ದೊಡ್ಡವರು ಎಂದು ತೂಗುವುದರಲ್ಲಿ ತಪ್ಪೇನಿಲ್ಲ, ಅದು ಬಿಡುವಿದ್ದವರ ಸಂತೋಷ. ಆದರೆ ನಮ್ಮ ಒಂದು ಮಾತಿಗಾಗಿ ಎದುರಿಗೆ ಒಬ್ಬರು ಕಾಯುತ್ತ ಕೂತಿರುವಾಗ ಆ ವಾದ ಮಾಡಿದರೆ ಸೋಲುವುದು ಕಾಯುತ್ತಿದ್ದವರು. ಇದನ್ನು ಹತ್ತು ಜನಕ್ಕೆ ಕಳಿಸಿ ಎಂದು ನಾನು ಹೇಳುವುದಿಲ್ಲ. ಫೋನು ಕೆಳಗಿಟ್ಟು, ನಿಮ್ಮ ಮಾತಿಗಾಗಿ ಯಾರು ಕಾಯುತ್ತಿದ್ದಾರೆ ಎಂದು ಒಮ್ಮೆ ತಲೆಯೆತ್ತಿ ನೋಡಿ.